ಜೀಪಿನ ಜ್ವರ ಮತ್ತು ಒಂದು ಮಹಾಪ್ರಾಣ

ಮನುಷ್ಯರಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡಬಹುದು. ಜೀಪಿಗೆ ಬಂದರೆ ಬಾನೆಟ್ ಮುಟ್ಟಿ ಕೈ ಸುಟ್ಟುಕೊಳ್ಳಬಹುದೇ ಹೊರತು ರೋಗ ಯಾವುದೆಂದು ತಿಳಿಯುವುದಿಲ್ಲ. ಧಾರವಾಡದ ಕಡೆಯಿಂದ ಈಚೆಗೆ ವರ್ಗವಾಗಿ ಬಂದು ಬಸವಕಲ್ಯಾಣದಲ್ಲಿ ಕನ್ನಡ ಮಾಸ್ತರಿಕೆ ಮಾಡುವ ನನಗೆ, ನಾಲ್ಕೂ ಗಾಲಿಯಿಂದ ಎಳೆಯುವ ಹಳೇ ಜೀಪು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸರೋಜಾ ದಿನಾ ಕೇಳುತ್ತಾಳೆ. ಹೋದ ಮಳೆಗಾಲದಲ್ಲಿ ಗೋರ್ಟಾ ಕಡೆಯ ಎರೆಮಣ್ಣಿನ ದಾರಿಯಲ್ಲಿ ಟ್ರ್ಯಾಕ್ಟರೇ ಹೂತು ಕೂತಿದ್ದಾಗ ನನ್ನ ಜೀಪು ಗುರ್ರೆಂದು ದಾಟಿ ಹೋಯಿತು. ನಿಂತವರು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ವ್ಯಾಕರಣ ಹೇಳಿದ್ದಕ್ಕೆ ಒಬ್ಬರೂ ತಟ್ಟಿರಲಿಲ್ಲ ನೋಡಿ! ಅಂದಿನಿಂದ ಆ ಗಾಡಿಯ ಮೇಲೆ ನನಗೆ ವಿಪರೀತ ಪ್ರೀತಿ.

ಆದರೆ ಅದು ಊರೊಳಗೆ ತಣ್ಣಗಿರುತ್ತಿತ್ತು, ಹೆದ್ದಾರಿಗೆ ಬಂದರೆ ಮೀಟರಿನ ಮುಳ್ಳು ಸರಸರನೆ ಮೇಲೇರಿ ಬುಸ್ಸೆಂದು ಹಬೆ ಬಿಡುತ್ತಿತ್ತು. ಕೆಳಗೆ ಒಂದು ಹನಿ ಸೋರಿರುವುದಿಲ್ಲ, ಒಳಗೆ ನೀರೂ ಇರುವುದಿಲ್ಲ. ಹಾಗಾದರೆ ನೀರು ಎಲ್ಲಿಗೆ ಹೋಯಿತು? "ಬೋರಿನ ನೀರು ಹಾಕೀರಿ, ರೇಡಿಯೇಟರ್‌ನಾಗ ಸುಣ್ಣ ಕುಂತದರಿ" ಎಂದರು ಒಬ್ಬರು. ತೊಳೆಸಿದೆ. "ಬೆಲ್ಟ್ ಢೀಲಾ ಆಗ್ಯದ, ಫ್ಯಾನ್ ಹ್ಯಾಂಗ ತಿರಗಬೇಕ್ರಿ?" ಎಂದರು ಇನ್ನೊಬ್ಬರು. ಬಿಗಿ ಮಾಡಿಸಿದೆ. "ಥರ್ಮೋಸ್ಟಾಟ್ ಕಿತ್ತು ಒಗೀರಿ, ನೀರು ಆರಾಮ ತಿರಗ್ತದ" ಎಂದರು. ಒಗೆದೆ. ಮರುದಿನ ಬೇರೊಬ್ಬರು, "ಅಯ್ಯ, ಅದನ್ಯಾಕ ಒಗದ್ರಿ? ಅದಕ್ಕೇ ಗರಂ ಆಗಾಕತ್ತದ" ಎಂದು ಹಣೆ ಚಚ್ಚಿಕೊಂಡರು. ಹುಡುಕಿ ತಂದು ಮತ್ತೆ ಹಾಕಿಸಿದೆ. ಕೊನೆಗೆ ಯಾರೋ ರೇಡಿಯೇಟರಿಗೆ ಅರಿಶಿನ ಹಾಕಿದರೆ ಸಣ್ಣ ತೂತು ಮುಚ್ಚುತ್ತದೆ ಎಂದರು. ತೂತೇ ಕಾಣದ ರೇಡಿಯೇಟರಿಗೆ ಅದನ್ನೂ ಹಾಕಿದೆ. ಜ್ವರ ಇಳಿಯಲಿಲ್ಲ, ಗಾಡಿಯಿಂದ ಸಾರಿನ ವಾಸನೆ ಬರತೊಡಗಿತು.

ಅಷ್ಟರಲ್ಲಿ ಸರೋಜಾಳ ತಂಗಿಯ ಮಗಳಿಗೆ ಮಾಣಿಕನಗರದಲ್ಲಿ ನಿಶ್ಚಯ ಗೊತ್ತಾಯಿತು; ಆ ತಂಗಿಯನ್ನು ಕೊಟ್ಟಿದ್ದು ಹುಮನಾಬಾದಿಗೆ. ಹೊರಡುವ ಮೊದಲೇ ಸರೋಜಾ ಷರತ್ತು ಹಾಕಿದಳು: "ಇವತ್ತ ಹಾದ್ಯಾಗ ನಿಂತ್ರ ಗಾಡಿ ಮಾರೂದ ಮಾರೂದು. ಗಾಡಿ ಬಲ್ಲಾವ ಒಬ್ಬನಾದ್ರೂ ಇದು ಛಲೋ ಐತಿ ಅಂದ್ರ ಇಟಗೊಳ್ರಿ, ನಾ ಬಾಯಿ ತಗಿಯೂದಿಲ್ಲ." ರಾಜೇಶ್ವರದ ಹತ್ತಿರ ಗಾಡಿ ಬುಸ್ಸೆಂದು ನಿಂತಿತು. ಅವಳು ನನ್ನ ಮುಖವನ್ನೂ ನೋಡದೆ, ಸೀರೆಯ ಚೀಲ ಹಿಡಿದು ಬಂದ ಬಸ್ಸು ಹತ್ತಿ ಹೋಗಿಬಿಟ್ಟಳು. ಇನ್ನು ಆ ಬಲ್ಲವನೊಬ್ಬನೇ ಗತಿ.

ಗಾಡಿ ಆರಿದ ಮೇಲೆ ನೀರು ಹುಯ್ಯುತ್ತ, ನಿಲ್ಲುತ್ತ, ಹುಮನಾಬಾದಿನ ಇಸ್ಮಾಯಿಲ್ ಭಾಯಿಯ ಗ್ಯಾರೇಜು ಮುಟ್ಟಿದೆ. ಅವರು ರೇಡಿಯೇಟರಿನ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿಸಿ, ನೀರಿನಲ್ಲಿ ಗುಳುಗುಳು ಏಳುವ ಗುಳ್ಳೆಗಳನ್ನು ನೋಡಿದರು. "ಹೆಡ್ ಸೀಳ್ಯದ ಸರ್. ನೀರೆಲ್ಲ ಇಂಜಿನ್ನೇ ಕುಡ್ಯಾಕತ್ತದ. ಗಾಡಿ ಪೂರಾ ಭಂಗಾರ್ ಅದರಿ" ಎಂದರು. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲು ಮಾಡುವ ಮಕ್ಕಳನ್ನು ತಿದ್ದಿ ತಿದ್ದಿ ಬೆಳೆದ ಕಿವಿ ನನ್ನದು. ಪಾಪ, ಬಾಯಿತಪ್ಪಿ ಒಂದು ಮಹಾಪ್ರಾಣ ಹೆಚ್ಚಾಗಿದೆ ಎಂದು ಮನಸ್ಸಿನಲ್ಲೇ ತಿದ್ದಿಕೊಂಡೆ. ಬಂಗಾರ! "ನನಗ ಮೊದಲ ಗೊತ್ತಿತ್ತು ಭಾಯಿ!" ಎಂದೆ. ಅವರು ಮಿಕಿಮಿಕಿ ನೋಡಿ, "ಗೊತ್ತಿದ್ರ ಕೊಟ್ಟು ಬಿಡ್ರಲ್ಲ. ತೂಕದ ಮ್ಯಾಲ ತಗೋತಾರ" ಎಂದರು. ಬಂಗಾರವನ್ನು ತೂಕದ ಮೇಲಲ್ಲದೆ ಇನ್ಯಾವುದರ ಮೇಲೆ ತಗೊಳ್ಳುತ್ತಾರೆ? ಎಂಥ ರಸಿಕ ಮನುಷ್ಯ ಎಂದು ಕೈ ಕುಲುಕಿ, ಗಾಡಿ ಅಲ್ಲೇ ಬಿಟ್ಟು ಆಟೋ ಹತ್ತಿದೆ.

ನಿಶ್ಚಯದ ಊಟದ ಪಂಗತಿಯಲ್ಲಿ ಸರೋಜಾಳಿಗೆ ಕೇಳುವಂತೆ ಗಟ್ಟಿಯಾಗಿ ಸಾರಿದೆ: "ಮೆಕ್ಯಾನಿಕ್ ಏನಂದ ಗೊತ್ತೇನು? ಗಾಡಿ ಪೂರಾ ಬಂಗಾರ. ತೂಕದ ಮ್ಯಾಲ ತಗೋತಾರಂತ!" ನನ್ನ ಷಡ್ಡಕ ಹುಮನಾಬಾದಿನವನೇ. ಬಡಿಸುತ್ತಿದ್ದ ಸೌಟು ಹಾಗೇ ನಿಲ್ಲಿಸಿ, "ಅಣ್ಣಾರ, ಅದು ಭಂಗಾರ್ ಇರಬೇಕ್ರಿ. ಭಂಗಾರ್ ಅಂದ್ರ ನಿಮ್ಮ ಕಡೆ ಮೋಡಕಾ ಅಂತಾರಲ್ಲ, ಗುಜರಿ ಸಾಮಾನು, ಅದು" ಎಂದ. ಇಡೀ ಪಂಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೀಗರಾಗುವವರೂ ನಕ್ಕರು. ಸರೋಜಾ ಮಾತ್ರ ನಗಲಿಲ್ಲ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದಳು.

ಸರೋಜಾಳ ಷರತ್ತಿನಂತೆ ಜೀಪು ತೂಕಕ್ಕೆ ಹೋಯಿತು. ಅದನ್ನು ಎಳೆದೊಯ್ಯುವಾಗ ನನಗೆ ಅಳುವೇ ಬಂತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತವನಿಗೆ ಸರೋಜಾ ಈಗೀಗ ಚಹಾ ತಂದುಕೊಟ್ಟು, ಹೊಸದೊಂದು ಅಕ್ಕರೆಯಿಂದ, "ತಗೋರಿ ನನ್ನ ಬಂಗಾರಾ" ಅನ್ನುತ್ತಾಳೆ. ಆ ಬಕಾರದ ಹೊಟ್ಟೆ ಸೀಳಿದ್ದಾಳೋ ಇಲ್ಲವೋ, ಎಷ್ಟು ಕಿವಿಗೊಟ್ಟು ಕೇಳಿದರೂ ಈ ಕನ್ನಡ ಮಾಸ್ತರನಿಗೆ ತಿಳಿಯುತ್ತಿಲ್ಲ.