ಮಾವನ ದಂಬೆ, ನನ್ನ ಅಯಸ್ಕಾಂತ

ಮಾಡಿನ ಅಂಚಿಗೆ ದಂಬೆ ಕೂರಿಸೋದರಲ್ಲಿ ನಗೋಕೆ ಏನಿರುತ್ತೆ ಅಂತ ಕೇಳ್ತಾರೆ. ನಾನು ಏಣಿ ಹತ್ತಿದ ದಿನ ಮಾತ್ರ ಏನಾದರೊಂದು ಆಗದೆ ಇಳಿದದ್ದೇ ಇಲ್ಲ.

ಲಾಸ್ ಏಂಜಲೀಸ್‌ನಲ್ಲಿ ಉಡುಪಿ ಕಡೆಯ ನಮ್ಮ ಮಾವನದು ಇದೇ ಕೆಲಸ. ಸೂರಿನಿಂದ ಇಳಿಯೋ ಮಳೆನೀರು ಹಿಡಿಯೋ ತಗಡಿನ ಕಾಲುವೆಗೆ ಇಲ್ಲಿಯವರು ಗಟರ್ ಅಂತಾರೆ, ಮಾವ ದಂಬೆ ಅಂತಾರೆ. ಆ ವರ್ಷ, ಬರೋ ಚಳಿಗಾಲದಲ್ಲಿ ಭಾರಿ ಮಳೆ ಅಂತ ಟಿವಿಯವರು ಹೆದರಿಸಿದ್ದರಿಂದ ಜೂನ್‌ನಲ್ಲೇ ಎಲ್ಲರಿಗೂ ದಂಬೆ ಬೇಕಿತ್ತು. ಲೆಕ್ಕದಲ್ಲಿ ಡುಮ್ಕಿ ಹೊಡೆದಿದ್ದ ನನ್ನನ್ನು ಅಮ್ಮ ಮಾವನ ಜೊತೆ ಕಳಿಸಿದಳು. ಷರತ್ತು ಒಂದೇ: ಎರಡು ಕಂಪ್ಲೇಂಟ್ ಬಂದರೆ ರಜೆಯಲ್ಲೂ ಲೆಕ್ಕ ಕಲಿಸೋ ಸಮ್ಮರ್ ಸ್ಕೂಲು.

೧. ಹಪ್ಪಳ

ರೆಡೊಂಡೊ ಬೀಚ್‌ನಲ್ಲಿ ಒಬ್ಬರು ಮಂಗಳೂರು ಆಂಟಿ. ದಂಬೆ ಕೂರಿಸಿದ ಮೇಲೆ ನೀರು ಬಿಟ್ಟು ನೋಡೋದು ಪದ್ಧತಿ. ಆಂಟಿ ಒಳಗೆ ಅಡುಗೆ ಮಾಡ್ತಿದ್ದರು. ನಾನು ಹೇಳದೆ ಕೇಳದೆ ಪೈಪು ಹಿಡಿದು ಮಾಡಿಗೆಲ್ಲ ಜೋರಾಗಿ ಹೊಡೆದೆ. ತಗಡಿನ ಮೇಲೆ ಧೋ ಅಂತ ಸದ್ದು. ಆಂಟಿ ಆಕಾಶವನ್ನೂ ನೋಡದೆ ಓಡಿಬಂದು, ಒಣಹಾಕಿದ್ದ ಹಪ್ಪಳವನ್ನೆಲ್ಲ ಬಾಚಿಕೊಂಡು ಒಳಗೋಡಿದರು.

ಕಂಪ್ಲೇಂಟ್ ಒಂದಾಯಿತು. ಆದರೆ ಅದಕ್ಕೂ ಮುಂಚೆ ಅವರು ಊರಿಗೆ ಫೋನ್ ಹಚ್ಚಿ, "ಇಲ್ಲೂ ಮಳೆ ಹಿಡೀತು ಮಾರಾಯ್ತಿ!" ಅಂತ ಹೇಳಿಯಾಗಿತ್ತು.

೨. ಈಶಾನ್ಯ

ಸ್ಯಾನ್ ಡಿಯೆಗೊದಲ್ಲಿ ಬೆಂಗಳೂರಿನ ಟೆಲಿಕಾಂ ಇಂಜಿನಿಯರ್ ಅಂಕಲ್ ಒಬ್ಬರ ಹೊಸ ಮನೆ. ಶನಿವಾರ ಗೃಹಪ್ರವೇಶ. ಮಾಡಿನ ನೀರು ಈಶಾನ್ಯದ ಮೂಲೆಗೇ ಇಳೀಬೇಕು ಅಂತ ಅಂಕಲ್ ವಾಸ್ತು ಹೇಳಿದ್ದರು. ದಂಬೆ ಯಾವ ಕಡೆ ವಾಲಬೇಕು ಅಂತ ಇಳಿಜಾರಿನ ಗೆರೆ ಎಳೆಯೋದು ನನ್ನ ಕೆಲಸ. ಕಿವಿಯಲ್ಲಿ ವಾಕ್‌ಮನ್, ಆಕಾಶದಲ್ಲಿ ಸೂರ್ಯನೇ ಕಾಣದಷ್ಟು ಕಡಲ ಮಂಜು. ಗೆರೆ ನೈಋತ್ಯಕ್ಕೆ ಹೋಯಿತು. ಮಾವ ನನ್ನ ಗೆರೆ ನಂಬಿ ದಂಬೆ ಬಿಗಿದೇಬಿಟ್ಟರು.

ಸಂಜೆ ಅಂಕಲ್ ಕಂಪಾಸ್ ಹಿಡಿದು ಕಾರಿಳಿದಾಗಲೇ ನನಗೆ ತಪ್ಪು ಹೊಳೆದದ್ದು. ಬಿದ್ದ ಮೊಳೆ ಹೆಕ್ಕೋಕೆ ನಮ್ಮ ಹತ್ತಿರ ದೊಡ್ಡ ಅಯಸ್ಕಾಂತ ಇರುತ್ತೆ. ಅದನ್ನು ಜೇಬಿಗಿಳಿಸಿ ಅಂಕಲ್ ಮಗ್ಗುಲಿಗೆ ನಿಂತೆ. ಮುಳ್ಳು ನನಗೆ ಬೇಕಾದ ಕಡೆ ತಿರುಗೋವರೆಗೂ ಜಾಗ ಬದಲಾಯಿಸ್ತಾ ಹೋದೆ.

"ಕರೆಕ್ಟಾಗಿ ಈಶಾನ್ಯಾನೇ!" ಅಂದರು ಅಂಕಲ್. ಆಮೇಲೆ ಮನೆಯ ನಕ್ಷೆ ತೆಗೆದು ನೋಡಿ, "ಈ ಬಿಲ್ಡರ್‌ಗೆ ಉತ್ತರ ಯಾವುದು ಅಂತಾನೇ ಗೊತ್ತಿಲ್ಲ ಕಣಯ್ಯಾ," ಅಂತ ಬೈದು, ನೆಲದ ಮೇಲೆಲ್ಲ ಸೀಮೆಸುಣ್ಣದಲ್ಲಿ ದಿಕ್ಕು ಬರೆದರು.

೩. ಸೂರ್ಯ

ಶನಿವಾರ ಮಾವನನ್ನೂ ನನ್ನನ್ನೂ ಊಟಕ್ಕೆ ಕರೆದಿದ್ದರು. ಅಂಕಲ್ ಮತ್ತೆ ಕಂಪಾಸ್ ತೆಗೆದರೆ ಇರಲಿ ಅಂತ ಅಯಸ್ಕಾಂತ ಒಳ್ಳೇ ಪ್ಯಾಂಟಿನ ಜೇಬಿಗೂ ಬಂತು. ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತೆ ಅಂತ ಹೋಮ ಗರಾಜಿನಲ್ಲಿ, ಬಾಗಿಲು ತೆರೆದಿಟ್ಟು. "ಪೂರ್ವಕ್ಕೆ ಮುಖ ಮಾಡಿ," ಅಂದರು ಪುರೋಹಿತರು. ಅಂಕಲ್, ಅವರ ಹೆಂಡತಿ ಇಬ್ಬರೂ ಸೀಮೆಸುಣ್ಣದ ಗುರುತು ನೋಡಿ ಕೂತರು. ಅರ್ಧ ಹೋಮಕ್ಕೆ ಮಂಜು ಕರಗಿ, ಇಬ್ಬರ ಬೆನ್ನ ಮೇಲೂ ಬಿಸಿಲು ಬಿತ್ತು.

"ಬೆಳಗ್ಗೆ ಹೊತ್ತು ಸೂರ್ಯ ನಿಮ್ಮ ಹಿಂದಿದಾನಲ್ಲ ಸ್ವಾಮಿ?" ಅಂದರು ಪುರೋಹಿತರು.

ಅಂಕಲ್ ಕಂಪಾಸ್ ತೆಗೆದರು. ನಾನು ಅಕ್ಷತೆ ತಟ್ಟೆ ಹಿಡಿದು ಅವರ ಪಕ್ಕಕ್ಕೆ ಸರಿದೆ. ಮುಳ್ಳು ಮಾತು ಕೇಳಿತು.

"ಕಂಪಾಸ್ ಸರಿಯಾಗೇ ಇದೆ," ಅಂದರು ಅಂಕಲ್. " ಈ ದೇಶದಲ್ಲಿ ಡೇಲೈಟ್ ಸೇವಿಂಗ್ ಅಲ್ವಾ? ಸೂರ್ಯನೇ ಸ್ವಲ್ಪ ಅಡ್ಜಸ್ಟ್ ಆಗಿರ್ತಾನೆ."

ಅವರ ಆಫೀಸಿನ ನಾಲ್ಕು ಇಂಜಿನಿಯರುಗಳು ತಲೆಯಾಡಿಸಿದರು. ಬದುಕಿದೆ ಅಂದುಕೊಳ್ಳೋಷ್ಟರಲ್ಲಿ ಪುರೋಹಿತರ ಕಬ್ಬಿಣದ ಇಕ್ಕಳ ಟಣ್ಣನೆ ಬಂದು ನನ್ನ ಜೇಬಿಗೆ ಅಂಟಿಕೊಂಡಿತು.

"ಎಂತದಾ ಅದು?" ಅಂದರು ಮಾವ, ದೂರದಿಂದ.

ಅಂಕಲ್ ಇಕ್ಕಳ ನೋಡಿದರು, ಕಂಪಾಸ್ ನೋಡಿದರು, ತಲೆಯಾಡಿಸುತ್ತಿದ್ದ ನಾಲ್ವರನ್ನೂ ನೋಡಿದರು. ನಾನು ಸಮ್ಮರ್ ಸ್ಕೂಲಿಗೆ ತಯಾರಾದೆ. ಅಂಕಲ್ ಮೆಲ್ಲಗೆ ಇಕ್ಕಳ ಕಿತ್ತು ನನ್ನ ಕಿವಿಯ ಹತ್ತಿರ ಬಗ್ಗಿದರು:

"ಸೋಮವಾರ ಬಂದು ದಂಬೆ ತಿರುಗಿಸಿ ಹಾಕು. ಅಲ್ಲೀವರೆಗೂ ತಪ್ಪು ಸೂರ್ಯಂದೇ ಆಗಿರಲಿ."