ಹೊನ್ನಯ್ಯನವರ ಹುಲ್ಲಿನ ಮೆದೆಯನ್ನು ಅಂತರ್ಜಾಲ ಕೇಂದ್ರವೆಂದು ಘೋಷಿಸಿರುವ ಬಗ್ಗೆ

ಅಂತರ್ಜಾಲ ಹಕ್ಕು ಪಾಲನಾ ಇಲಾಖೆ
ಸಂಖ್ಯೆ: ಅಂಹಪಾ/ಮೆದೆ/17/2025-26

ವಿಷಯ: ಪೂರಿಗಾಲಿ ಗ್ರಾಮದಲ್ಲಿ ಮೆದೆಯ ಮೇಲೆ ಮಾತ್ರ ಸಿಗುವ ಸಿಗ್ನಲ್‌ನ ಸದ್ಬಳಕೆ ಕುರಿತು.
ಉಲ್ಲೇಖ: ಮಂಚಮ್ಮ, ವಯಸ್ಸು 68, ಇವರು ಸದರಿ ಮೆದೆಯ ಮೇಲಿಂದ ಕೂಗಿ ಸಲ್ಲಿಸಿದ ಮನವಿ.

ಅಂತರ್ಜಾಲವು ಪ್ರತಿಯೊಬ್ಬರ ಹಕ್ಕು. ಪೂರಿಗಾಲಿಯಲ್ಲಿ ಆ ಹಕ್ಕು ಸದ್ಯ ಹದಿನಾಲ್ಕು ಅಡಿ ಎತ್ತರದಲ್ಲಿದೆ. ಪಡಿತರಕ್ಕೆ ಹೆಬ್ಬೆಟ್ಟು ಒತ್ತುವ ಯಂತ್ರವೂ ಅಲ್ಲಷ್ಟೇ ಕೆಲಸ ಮಾಡುವುದರಿಂದ ನ್ಯಾಯಬೆಲೆ ಅಂಗಡಿಯ ಮಹದೇವು ಅದನ್ನು ಮೆದೆಯ ತುದಿಗೇ ಕಟ್ಟಿದ್ದಾರೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಮೆದೆ ಹತ್ತುವವರು ಚಪ್ಪಲಿ ಕೆಳಗೆ ಬಿಡತಕ್ಕದ್ದು.

2. ಹೊನ್ನಯ್ಯನವರ ಎಮ್ಮೆಯು ವಾರಕ್ಕೆ ಒಂದು ಅಡಿಯಂತೆ ಸೌಲಭ್ಯವನ್ನು ತಿನ್ನುತ್ತಿರುವುದು ಗಮನಕ್ಕೆ ಬಂದಿದೆ. ಎಮ್ಮೆಗೆ ನೋಟಿಸ್ ನೀಡಲಾಗಿದ್ದು, ನೋಟಿಸನ್ನೂ ತಿಂದಿರುತ್ತದೆ. "ಎಮ್ಮೆ ಏನ್ ಟವರ್ ತಿಂತದಾ ಸಾ? ಉಲ್ ತಿಂತದೆ" ಎಂಬ ಹೊನ್ನಯ್ಯನವರ ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ.

3. ಹತ್ತಲು ಆಗದವರು ವಿನಾಯಿತಿಗಾಗಿ ಆನ್‌ಲೈನ್ ಅರ್ಜಿ ಸಲ್ಲಿಸತಕ್ಕದ್ದು. ಆನ್‌ಲೈನ್ ಸೌಲಭ್ಯವು ಮೆದೆಯ ಮೇಲೆ ಲಭ್ಯವಿದೆ.

4. ಕಳೆದ ತಿಂಗಳು ಮಂಚಮ್ಮನವರು ಹೆಬ್ಬೆಟ್ಟು ಒತ್ತಿ, ಮಂಡಿನೋವಿನಲ್ಲಿ ಇಳಿಯುವಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಹೀಗಾಗಿ ದಾಖಲೆಯಲ್ಲಿ ಅಕ್ಕಿ ಪಡೆದಿರುತ್ತಾರೆ, ಮನೆಯಲ್ಲಿ ಪಡೆದಿರುವುದಿಲ್ಲ. ಈ ಸೋಮವಾರ ಮತ್ತೆ ಹತ್ತಿದ ಸದರಿಯವರು ಇನ್ನೂ ಇಳಿದಿಲ್ಲ. "ಎಲ್ಡು ತಿಂಗ್ಳಕ್ಕಿ ಇಲ್ಲಿಗೇ ಬರ್ಲಿ. ಅಲ್ಲೀಗಂಟ ಯಾರ್ ಬೆಟ್ಟೂ ಒತ್ತಕ್ ಬುಡಾಕಿಲ್ಲ ಕಣ್ಲಾ ಮಾದೇವ" ಎಂದು ತಿಳಿಸಿರುತ್ತಾರೆ.

5. ಮಂಚಮ್ಮನವರ ದೂರು ಇತ್ಯರ್ಥವಾಗಿದೆ ಎಂಬ ವರದಿಯನ್ನು ಅಪ್‌ಲೋಡ್ ಮಾಡಲು ಸಹಿ ಮಾಡಿರುವ ಅಧಿಕಾರಿಯು ಮೂರು ಬಾರಿ ಹತ್ತಿದ್ದು, ಮೂರು ಬಾರಿಯೂ ಮಂಚಮ್ಮನವರಿಂದ ಕೆಳಕ್ಕೆ ತಳ್ಳಲ್ಪಟ್ಟಿರುತ್ತಾರೆ. "ಇತ್ಯರ್ಥ ಆಗೋಯ್ತಾ? ಎಲ್ಲಪ್ಪಾ ಅಕ್ಕಿ?" ಎಂಬ ಸದರಿಯವರ ಪ್ರಶ್ನೆಯನ್ನು ಮೂರು ಬಾರಿಯೂ ಕಡತದಲ್ಲಿ ದಾಖಲಿಸಲಾಗಿದೆ.

6. ಆದಕಾರಣ, ಮಾನವೀಯ ನೆಲೆಯಲ್ಲಿಯೂ ಅಧಿಕಾರಿಯ ಸೊಂಟದ ಹಿತದೃಷ್ಟಿಯಿಂದಲೂ, ಎರಡು ತಿಂಗಳ ಅಕ್ಕಿಯನ್ನು ಮೆದೆಯ ಮೇಲೆಯೇ ತೂಗಿ ಕೊಡತಕ್ಕದ್ದು. ತಕ್ಕಡಿ ಅಲುಗಿದರೆ ಹುಲ್ಲನ್ನು ದೂರತಕ್ಕದ್ದಲ್ಲ.

ಸಹಿ/-
(ಕೆಂಪರಾಜು)
ಕ್ಷೇತ್ರಾಧಿಕಾರಿ
ಸ್ಥಳ: ಮೆದೆಯ ಬುಡ

ಪ್ರತಿಗಳು:
ಮಹದೇವು: ಮೂಟೆ ಹೊತ್ತು ಹತ್ತಲು.
ಹೊನ್ನಯ್ಯ: ಏಣಿ ಹಿಡಿದುಕೊಳ್ಳಲು.
ಎಮ್ಮೆ: ಮಾಹಿತಿಗಾಗಿ. ಪ್ರತಿಯನ್ನು ಈ ಬಾರಿ ಬಾಯಿಗೆ ಎಟುಕದಂತೆ ಅಂಟಿಸಲಾಗಿದೆ.
ಮಂಚಮ್ಮ: ಓದಿ ಇಳಿಯಲು. ಅಕ್ಕಿ ಕೈಗೆ ಬರುವ ಮೊದಲು ಏನನ್ನೂ ಓದುವುದಿಲ್ಲವೆಂದು ತಿಳಿಸಿರುವುದರಿಂದ ಮೂಟೆಯ ಬಾಯಿಗೆ ಕಟ್ಟಿ ಕಳುಹಿಸಿದೆ.