ಗುಲಾಬಿ ವಸಡಿನ ಮೋಡೆಮ್

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಎರಡು ರಬ್ಬರು ಬಟ್ಟಲು. ಟೀ ಕಪ್ಪಿಗಿಂತ ಚಿಕ್ಕವು. ಅವನ್ನು ಇಲಿ ತಿಂದು ಒಂದು ತಲೆಮಾರೇ ಕಳೆದಿತ್ತು. ತಿಂದ ಇಲಿಯ ಮರಿಮೊಮ್ಮಕ್ಕಳೂ ಸತ್ತು ಸ್ವರ್ಗ ಸೇರಿ ಅಲ್ಲಿಯ ಬಾಗಿಲು ಕಡಿಯುತ್ತಿದ್ದವು. ಆದರೆ ಹಲ್ಲಿನಣ್ಣನ ಎದೆಯಲ್ಲಿ ಆ ಬಟ್ಟಲುಗಳ ಜಾಗ ಇನ್ನೂ ಹಾಗೇ ಖಾಲಿ ಬಿದ್ದಿತ್ತು.

ಹಲ್ಲಿನಣ್ಣ ಎಂದರೆ ಕಟ್ಟು ಹಲ್ಲಿನ ಸೆಟ್ಟು ಮಾಡುವವನು. ಅಂಚೆ ಕಚೇರಿಯ ಹಿಂದೆ, ಮಹಡಿಯ ಮೇಲೆ, ಮುಂದಿನ ಕೋಣೆಯಲ್ಲಿ ಕಸುಬು, ಹಿಂದಿನ ಕೋಣೆಯಲ್ಲಿ ಅಕ್ಕನ ಜೊತೆ ಸಂಸಾರ. ಅವನು ಮಾಡಿದ ಸೆಟ್ಟು ಹಾಕಿಕೊಂಡ ಒಬ್ಬ ಮುದುಕರು ಬೀಗ ಹಾಕಿದ ಕಬ್ಬಿಣದ ಗೇಟನ್ನು ಕಚ್ಚಿ ತೆಗೆದದ್ದನ್ನು ನಾನೇ ನೋಡಿದ್ದೇನೆ. ನಂಬದವರು ಗೇಟನ್ನು ಕೇಳಬಹುದು. ಊರಿಗೆಲ್ಲ ನಗು ಹಂಚುವ ಈ ಮನುಷ್ಯ ತಾನು ಮಾತ್ರ ನಗುತ್ತಿರಲಿಲ್ಲ. ಮದುವೆಯೂ ಆಗಲಿಲ್ಲ. ಯಾಕೆಂದು ಅಕ್ಕ ಕೇಳಿದಾಗಲೆಲ್ಲ ಅಟ್ಟದ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಆ ನಿಟ್ಟುಸಿರಿಗೆ ಅಡುಗೆಮನೆಯ ಕ್ಯಾಲೆಂಡರು ಎರಡು ತಿಂಗಳು ಮುಂದಕ್ಕೆ ಮಗುಚುತ್ತಿತ್ತು.

ಅಟ್ಟದಲ್ಲಿದ್ದುದು ಅವನ ಹರೆಯದ ಕಂಪ್ಯೂಟರ್. ಈಗಿನದರಂತಲ್ಲ, ಬರೀ ಒಂದು ಕೀಲಿಮಣೆ. ಟೀವಿಗೆ ವೈರು ಚುಚ್ಚಿದರೆ ಟೀವಿಯೇ ಪರದೆ. ಪ್ರೋಗ್ರಾಮು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಬರಬೇಕು. ಆಫ್ ಮಾಡಿದರೆ ತನ್ನ ಹೆಸರನ್ನೂ ಮರೆಯುವ ಜಾತಿ. ಅದರ ಪಕ್ಕದಲ್ಲೇ ಮೋಡೆಮ್: ಒಂದು ಡಬ್ಬಿ, ಅದರ ನೆತ್ತಿಯ ಮೇಲೆ ಎರಡು ಗುಳಿ. ಗುಳಿಗಳಲ್ಲಿ ರಬ್ಬರು ಬಟ್ಟಲಿರಬೇಕು, ಬಟ್ಟಲಲ್ಲಿ ಫೋನಿನ ರಿಸೀವರನ್ನು ಬೋರಲು ಮಲಗಿಸಬೇಕು. ಆಗ ಈ ಮಿಷನ್ನು ಫೋನಿನ ಕಿವಿಯಲ್ಲಿ ಸೀಟಿ ಹೊಡೆದರೆ ಆ ತುದಿಯ ಮಿಷನ್ನು ತಿರುಗಿ ಸೀಟಿ ಹೊಡೆದು, ಅದು ಅಕ್ಷರವಾಗಿ ಟೀವಿಯ ಮೇಲೆ ಮೂಡುತ್ತಿತ್ತು.

ಆ ತುದಿಯಲ್ಲಿ ‘ಹರಟೆ ಕಟ್ಟೆ’ ಎಂಬ ಜಾಗವಿತ್ತು. ಯಾರ ಹೆಸರೂ ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಅಡ್ಡಹೆಸರು. ಇವನು ಗೂಬೆ. ಕಟ್ಟೆ ನಡೆಸುತ್ತಿದ್ದವಳು ಬೆಳ್ಳಕ್ಕಿ. ಮಿಷನ್ನಿಗೆ ಕನ್ನಡ ಬಾರದು, ಇಂಗ್ಲಿಷಿನ ದೊಡ್ಡಕ್ಷರ ಮಾತ್ರ ಬರುತ್ತಿತ್ತು. ಹಾಗಾಗಿ ಕನ್ನಡವನ್ನು ಅದರಲ್ಲೇ ತುರುಕಿ ಮಾತಾಡುತ್ತಿದ್ದರು. ಒಂದು ಸಂಜೆ ಬೆಳ್ಳಕ್ಕಿಯ ಕಡೆಯಿಂದ ಒಂದೊಂದೇ ಅಕ್ಷರ ಬಂತು:

NINNE NENEDE

ಅಷ್ಟರಲ್ಲಿ ಕೆಳಗಿನ ಮನೆಯ ಓನರಮ್ಮ, ಅದೇ ಲೈನಿನ ಇನ್ನೊಂದು ಫೋನನ್ನು ಎತ್ತಿ “ಹಲೋ, ಯಾರ್ರೀ?” ಎಂದರು. ಸಂಪರ್ಕ ಕಡಿಯಿತು.

ನಿನ್ನೇ ನೆನೆದೆ. ಬೇರೆ ಯಾರನ್ನೂ ಅಲ್ಲ, ನಿನ್ನನ್ನೇ. ಹಲ್ಲಿನಣ್ಣನಿಗೆ ‘ನಾನೂ’ ಎಂದು ಬರೆಯಲು ಆಗಲಿಲ್ಲ. ಮರುದಿನ ಬೀದಿ ಅಗೆಯುವವರು ಕೇಬಲ್ಲು ಕತ್ತರಿಸಿದರು. ಲೈನು ಮರಳಿ ಬರುವ ಹೊತ್ತಿಗೆ ಇಲಿ ಬಟ್ಟಲು ಮುಗಿಸಿತ್ತು. ಅಂಥ ಬಟ್ಟಲಿಗಾಗಿ ಅವನು ಅಲೆಯದ ಅಂಗಡಿಯಿಲ್ಲ. ಅಂದಿನಿಂದ ಪ್ರತಿ ಭಾನುವಾರ ಕಟ್ಟೆಯ ನಂಬರು ತಿರುಗಿಸಿ, ಆ ಕಡೆಯಿಂದ ಬರುವ ಸೀಟಿಯನ್ನು ಕಣ್ಣು ಮುಚ್ಚಿ ಕೇಳಿ, ಮೆಲ್ಲನೆ ಫೋನಿಡುತ್ತಿದ್ದ. ಊರಿನವರು ಮೊಬೈಲು ಕೊಂಡರು, ಬೀದಿಯ ಫೋನುಗಳೆಲ್ಲ ಒಂದೊಂದಾಗಿ ಹೋದವು, ಆದರೆ ಆ ಸೀಟಿ ನಿಲ್ಲಲಿಲ್ಲ.

ಆವತ್ತು ಬೆಳಿಗ್ಗೆ ಅಕ್ಕ ಸೌಟು ಹಿಡಿದು ಬಂದು ಹೇಳಿದಳು:

“ಲೋ, ಇವತ್ತು ಸಂಜೆಯೊಳಗೆ ಫೋನ್ ಲೈನ್ ಕಟ್ ಮಾಡೋಕೆ ಬರ್ತಾರೆ. ನಾನೇ ಹೇಳ್ಬಿಟ್ಟೆ.”

“ಅಕ್ಕಾ! ನನ್ನ ಒಂದು ಮಾತು ಕೇಳ್ಬಾರದಿತ್ತಾ?”

“ಕೇಳೋದೇನು? ಭಾನುವಾರ ಭಾನುವಾರ ನೀನು ರಾಂಗ್ ನಂಬರ್ ಒತ್ತೋದು ಬಿಟ್ರೆ ಅದಕ್ಕೆ ಇನ್ನೇನು ಕೆಲಸ?”

ಹಲ್ಲಿನಣ್ಣನ ಕಾಲ ಕೆಳಗಿನ ನೆಲ ಕೆಳಗಿಳಿದು ಓನರಮ್ಮನ ಹಾಲಿಗೆ ಬಿತ್ತು. ಅವನ ಎದುರು ಮೇಜಿನ ಮೇಲೆ ಊರಿನ ವಕೀಲರೊಬ್ಬರ ಸೆಟ್ಟಿತ್ತು. ವಸಡಿಗೆ ಒತ್ತುತ್ತದೆಂದು ಬಿಚ್ಚಿಕೊಟ್ಟು ಹೋಗಿದ್ದರು. ಅದರ ಒಳಗೆ ಹಚ್ಚಲೆಂದು ಮೆತ್ತನೆಯ ಗುಲಾಬಿ ರಬ್ಬರು ಕಲಸಿ ಇಟ್ಟಿದ್ದ. ಈ ರಬ್ಬರು ಅವನ ಕಸುಬಿಗೆ ಬಂದದ್ದು ಈಚೆಗೆ. ಅವನು ರಬ್ಬರು ನೋಡಿದ. ಅಟ್ಟ ನೋಡಿದ. ಮತ್ತೆ ರಬ್ಬರು ನೋಡಿದ. ತಲೆಯೊಳಗೆ ಬೆಳಕು ಹೊತ್ತಿದ್ದು ಎಷ್ಟು ಜೋರಾಗಿತ್ತೆಂದರೆ ಕಿವಿಯಿಂದ ಹೊರಬಂದು ಗೋಡೆಯ ಮೇಲೆ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಅಟ್ಟದಿಂದ ಇಳಿದ ಮೋಡೆಮ್ಮಿನ ಗುಳಿಗಳಲ್ಲಿ ಎರಡು ಗುಲಾಬಿ ವಸಡು ಕೂತಿದ್ದವು. ಡಬ್ಬಿ ಹಲ್ಲಿಲ್ಲದ ಹಸುಗೂಸಿನ ಹಾಗೆ ನಗುತ್ತಿತ್ತು. ಕ್ಯಾಸೆಟ್ಟು ಕರಕರ ಓಡಿ ಪ್ರೋಗ್ರಾಮು ಬಂತು. ಅವನು ನಂಬರು ತಿರುಗಿಸಿ, ಸೀಟಿ ಕೇಳಿದೊಡನೆ ರಿಸೀವರನ್ನು ವಸಡಿನ ಮೇಲೆ ಮಲಗಿಸಿದ. ಟೀವಿಯಲ್ಲಿ HARA ಎಂದು ಮೂಡಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಮೋಡೆಮ್ಮಿಗೆ ಕುಕ್ಕರೂ ಒಂದೇ, ಕಂಪ್ಯೂಟರೂ ಒಂದೇ. ಪರದೆಯ ತುಂಬ ನಕ್ಷತ್ರ, ಕೊಕ್ಕೆ, ಸೊನ್ನೆ ಸುರಿದು ಸಂಪರ್ಕ ಕಡಿಯಿತು.

“ಅಕ್ಕಾ, ಒಲೆ ಆರಿಸು! ಈ ಮನೆಯಲ್ಲಿ ಒಂದು ಚೂರೂ ಸದ್ದಾಗಬಾರದು!”

“ಊಟ?”

“ಊಟ ನಾಳೆ!”

ಅಷ್ಟರಲ್ಲಿ ವಕೀಲರು ಬಂದರು. ಅವರಿಗೆ ಆ ಸಂಜೆ ಸನ್ಮಾನ. ಭಾಷಣಕ್ಕೆ ಹಲ್ಲು ಬೇಕಿತ್ತು. ಅವರ ಭಾಷಣ ಕೇಳುತ್ತ ಕೇಳುತ್ತ ಹೋದ ಸಲ ಸಭೆಯಲ್ಲಿ ಇಬ್ಬರಿಗೆ ತಲೆ ನರೆತದ್ದುಂಟು.

“ನನ್ನ ಫೆಟ್ಟು ಎಲ್ಲಪ್ಪಾ?” ಹಲ್ಲಿಲ್ಲದ ಬಾಯಲ್ಲಿ ‘ಸ’ ಎಲ್ಲ ‘ಫ’ ಆಗಿ ಹೊರಬರುತ್ತಿತ್ತು. “ಫಂಜೆ ಫನ್ಮಾನ ಫಮಾರಂಭ!”

“ವಕೀಲ್ರೇ, ರಬ್ಬರು ಇದಕ್ಕೆ ಖರ್ಚಾಯ್ತು. ನಾಳೆ ಹೊಸದು ಬರುತ್ತೆ.”

ವಕೀಲರು ಮೋಡೆಮ್ಮನ್ನು ನೋಡಿದರು. ತಮ್ಮ ವಸಡು ಡಬ್ಬಿಯ ಬಾಯಲ್ಲಿರುವುದನ್ನು ಗುರುತಿಸಿದರು. “ಇದು ಫ್ಪಷ್ಟ ಮೋಫ!” ಎಂದು ಕೂಗಿ, ರಬ್ಬರು ಬಿಟ್ಟುಕೊಡುವವರೆಗೂ ಏಳುವುದಿಲ್ಲವೆಂದು ಕುರ್ಚಿಯಲ್ಲಿ ಕೂತರು. ಹಲ್ಲಿನಣ್ಣ ಮತ್ತೆ ನಂಬರು ತಿರುಗಿಸಿದ. ವಕೀಲರ ಕೋಪದ ಉಸಿರು ಫುಸ್ ಫುಸ್ ಎಂದು ಬರುತ್ತಿದ್ದಂತೆ ಪರದೆಯ ಮೇಲೆ FFFFFF ಎಂದು ಸಾಲು ಮೂಡಿತು. ಅದರ ಹಿಂದೆಯೇ ಫೋನಿನೊಳಗಿಂದ ಓನರಮ್ಮ: “ಹಲೋ? ಯಾವನೋ ಅದು ಸೀಟಿ ಹೊಡೆಯೋನು? ಮನೇಲಿ ಅಕ್ಕ ತಂಗೀರಿಲ್ವಾ?”

ಹಲ್ಲಿನಣ್ಣ ಕುಸಿದು ಕೂತ. ತಲೆ ಮೊಣಕಾಲ ನಡುವೆ ಹೋಯಿತು.

“ಲೋ,” ಅಕ್ಕ ಹತ್ತಿರ ಬಂದಳು. ದನಿ ತಗ್ಗಿತ್ತು. “ಆ ತುದೀಲಿ ಯಾರೋ?”

ಅವನ ಕಿವಿ ಕೆಂಪಾಯಿತು.

ತಮ್ಮನ ಕಿವಿಯ ಭಾಷೆ ಅಕ್ಕನಿಗೆ ಚೆನ್ನಾಗಿ ಬರುತ್ತಿತ್ತು. ಅವಳು ದಡದಡ ಮೆಟ್ಟಿಲಿಳಿದು ಓನರಮ್ಮನನ್ನು ಕೈ ಹಿಡಿದು ಎಳೆದು ತಂದಳು. “ಇವರು ಕೆಳಗಿದ್ರೆ ತಾನೇ ಫೋನೆತ್ತೋದು? ಇಲ್ಲೇ ಕೂರ್ಲಿ. ವಕೀಲ್ರೇ, ನೀವು ಮೂಗಲ್ಲಿ ಉಸಿರಾಡಿ. ಹುಡುಗಿ ವಿಷಯ.”

‘ಹುಡುಗಿ ವಿಷಯ’ ಎಂಬ ಮಾತಿಗೆ ಏನು ಮಹಿಮೆಯೋ! ವಕೀಲರ ಮೊಕದ್ದಮೆ ಅಲ್ಲೇ ವಜಾ ಆಯಿತು. ಓನರಮ್ಮ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂತರು. ಗೋಡೆಯ ಮೇಲಿನ ಹಲ್ಲಿ ಕೂಡ ಲೊಚಗುಟ್ಟಲಿಲ್ಲ. ಆ ಮೌನ ಎಷ್ಟು ದಪ್ಪಗಿತ್ತೆಂದರೆ ಕತ್ತರಿಸಿ ದಿಂಬಿಗೆ ತುಂಬಬಹುದಿತ್ತು. ಹಲ್ಲಿನಣ್ಣ ಮತ್ತೆ ನಂಬರು ತಿರುಗಿಸಿ ರಿಸೀವರನ್ನು ಮಲಗಿಸಿದ.

HARATE KATTE. YARU?

ಹಲ್ಲಿನಣ್ಣ ಒತ್ತಿದ: GUBE.

ಮುಂದಿನ ಅಕ್ಷರದ ಜಾಗ ತೋರಿಸುವ ಚೌಕ ಮಿನುಗಿತು. ಇನ್ನೂ ಮಿನುಗಿತು. ಆಮೇಲೆ:

SULLU.

SULLALLA, ಎಂದು ಇವನು.

ISHTU DINA ELLI SATTIDDE?

“ಎಲ್ಲಿ ಸತ್ತಿದ್ದೆ ಅಂತಿದ್ದಾಳೆ! ಎಷ್ಟು ಪ್ರೀತಿ ನೋಡ್ರಿ!” ಎಂದು ಓನರಮ್ಮ ಬೆರಳ ಸಂದಿಯಿಂದ ಪಿಸುಗುಟ್ಟಿದರು. ಪಿಸುಮಾತಿಗೆ ಪರದೆಯಲ್ಲಿ ಎರಡು ಕೊಕ್ಕೆ ಬಿದ್ದವು. ಅಕ್ಕ ಅವರ ಬಾಯಿಯ ಮೇಲೆ ತನ್ನ ಕೈಯನ್ನೂ ಇಟ್ಟಳು.

ILLE IDDE. ANCHE KACHERI HINDE. MAHADI MELE, HALLINA ANGADI.

NANU KATTE MUCHALE ILLA, ಎಂದು ಬಂತು. ತುಸು ತಡೆದು: YARU BARADIDDARU.

ಯಾರೂ ಬರದಿದ್ದರೂ ಕಟ್ಟೆ ಮುಚ್ಚಲೇ ಇಲ್ಲ. ಹಲ್ಲಿನಣ್ಣ ಆ ಸಾಲನ್ನು ನೋಡುತ್ತ ಕೂತ. ಭಾನುವಾರ ಭಾನುವಾರ ಅವನು ಕೇಳಿದ ಸೀಟಿಯನ್ನು ಆ ತುದಿಯಲ್ಲಿ ಯಾರೋ ಬತ್ತಿ ಸರಿಮಾಡಿದ ದೀಪದ ಹಾಗೆ ಕಾಯ್ದಿಟ್ಟಿದ್ದರು. ಇವನು ಬರೀ ಕೇಳಿ ಇಟ್ಟುಬಿಡುತ್ತಿದ್ದ. ವಕೀಲರು ಮೂಗಿನಲ್ಲಿ ಉಸಿರೆಳೆಯುವುದನ್ನೂ ಮರೆತು ನೀಲಿಯಾಗತೊಡಗಿದರು.

ಈಗ ಹೇಳಲೇಬೇಕು. ಹೇಗೆ ಹೇಳುವುದು? ತನ್ನದೇ ಮಾತು ಹುಡುಕಲು ಹೋದರೆ ಸಂಜೆಯಾಗುತ್ತದೆ. ಅವಳ ಮಾತನ್ನೇ ಅವಳಿಗೆ ಹಿಂದಿರುಗಿಸಿದರೆ? ಇಷ್ಟು ವರ್ಷ ಎದೆಯಲ್ಲಿಟ್ಟು ಉಜ್ಜಿ ಉಜ್ಜಿ ಹೊಳಪು ಬಂದಿದ್ದ ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಒತ್ತಿದ.

NINNE NENEDE

ಉತ್ತರ ಕೂಡಲೇ ಬಂತು.

AYYO. KODE IRALILLAVA?

ಅಕ್ಕ ಕಣ್ಣು ಕಿರಿದು ಮಾಡಿ ಎರಡು ಸಲ ಓದಿದಳು. ಸದ್ದು ಮಾಡಬಾರದೆಂಬುದೇ ಮರೆತುಹೋಯಿತು. “ಕೊಡೆ ಇರಲಿಲ್ವಾ? ಲೋ, ನಿನ್ನೆ ಮಳೇನೇ ಬಂದಿಲ್ವಲ್ಲೋ. ನೀನೆಲ್ಲಿ ಹೋಗಿ ನೆನೆದೆ?”

“ಅಕ್ಕಾ, ಅದು ನಿನ್ನೆ ಅಲ್ಲ! ನಿನ್ನೇ! ನಿನ್ನೇ ನೆನೆದೆ!”

“ನನ್ನನ್ನ ಯಾಕೋ ನೆನೀತೀಯ? ಎದುರಿಗೇ ಇದೀನಲ್ಲ!”

ಪರದೆಯ ಮೇಲೆ ಕೊಕ್ಕೆ, ನಕ್ಷತ್ರಗಳ ಮಳೆ ಸುರಿದು ನಿಂತಿತು. ಅದರ ಕೆಳಗೆ ಬೆಳ್ಳಕ್ಕಿಯ ಸಾಲು ಮೆಲ್ಲನೆ ಬಂತು:

NANU AVATTU HAGE NENEDU MALAGIDDE. JVARA. HEGIDDIYA ANTA NINU ONDU MATU KELALILLA.

ಹಾಗಾದರೆ ಅಂದೂ ಅದು ಮಳೆಯೇ! ಅವಳು ನೆನೆದು, ನಡುಗಿ, ಜ್ವರ ಬಂದು ಮಲಗಿದ್ದಳು. ಇವನು ಅವಳ ನೆಗಡಿಯನ್ನು ಎದೆಗಪ್ಪಿಕೊಂಡು ಒಂದು ಆಯುಷ್ಯ ಕಳೆದಿದ್ದ. ಹೇಗಿದ್ದೀಯಾ ಎಂದು ಕೂಡ ಕೇಳದ ಕಲ್ಲೆದೆಯವನೆಂದು ಅವಳು ಅಷ್ಟೇ ವರ್ಷ ಮುನಿಸಿಕೊಂಡಿದ್ದಳು. ಮುನಿಸಿಕೊಂಡೂ ಕಟ್ಟೆ ಮುಚ್ಚಿರಲಿಲ್ಲ.

“ಬರಿಯೋ!” ಅಕ್ಕ ಅವನ ಬೆನ್ನಿಗೆ ಗುದ್ದಿದಳು. “ಬಿಡಿಸಿ ಬರಿ! ಮಳೆಯಲ್ಲ ಅಂತ ಬರಿ!”

ಅದೇ ಹೊತ್ತಿಗೆ ಕಿಟಕಿಯಾಚೆ ಕಂಬದ ಮೇಲೆ ಒಬ್ಬ ಕಾಣಿಸಿಕೊಂಡ. ಸೊಂಟದಲ್ಲಿ ಪಟ್ಟಿ, ಕೈಯಲ್ಲಿ ಕಟಿಂಗ್ ಪ್ಲೈಯರು. ಲೈನ್‌ಮ್ಯಾನ್! ಓನರಮ್ಮ ಕಿಟಕಿಗೆ ಹಾರಿ ಎರಡೂ ಕೈ ಬೀಸಿ “ಬೇಡ, ಬೇಡ” ಎಂದು ಸನ್ನೆ ಮಾಡಿದರು. ಸದ್ದು ಮಾಡುವಂತಿಲ್ಲವಲ್ಲ! ಅವನು ಯಾರೋ ಮರ್ಯಾದಸ್ಥರು ಮಾತಾಡಿಸುತ್ತಿದ್ದಾರೆಂದು ತಾನೂ ಕೈ ಬೀಸಿದ.

ಹಲ್ಲಿನಣ್ಣನ ಬೆರಳು ಕುದುರೆಯಾಗಿ ಓಡಿತು:

MALE ALLA. NINNANNE. NINNANNE NENEDE.

ಚೌಕ ಮಿನುಗಿತು. ವಕೀಲರು ಕುರ್ಚಿಯ ಅಂಚಿಗೆ ಬಂದರು. ಅಕ್ಕ ತಮ್ಮನ ಭುಜ ಹಿಡಿದಳು. ಒಂದೊಂದಾಗಿ ಅಕ್ಷರ ಬಂತು.

NANU BARALA

ಟಕ್.

ರಿಸೀವರು ಸುಮ್ಮನಾಯಿತು. ಕಂಬದಿಂದ ಹುರುಪಿನ ದನಿ ಕೇಳಿತು: “ಕಟ್ಟಾಯ್ತಮ್ಮಾ! ಇನ್ನು ರಾಂಗ್ ನಂಬರ್ ಕಾಟ ಇಲ್ಲ!”

ಬೀದಿಯಲ್ಲಿ ಉಳಿದಿದ್ದ ಕೊನೆಯ ಲೈನು ಅದು. ಹಲ್ಲಿನಣ್ಣ ಮೊಬೈಲನ್ನು ವಸಡಿನ ಮೇಲಿಟ್ಟು ನೋಡಿದ. ಮೊಬೈಲಿನಲ್ಲಿ ಆ ಸೀಟಿ ಕೆಮ್ಮಾಗಿ ಬಂತು. ಮೋಡೆಮ್ಮಿಗೆ ಕೆಮ್ಮು ಓದಲು ಬಾರದು.

“ಬರಲಾ? ಅಂತ ಕೇಳಿದ್ದಾಳೆ ಕಣೋ,” ಓನರಮ್ಮ ಮೂಗೊರೆಸಿಕೊಂಡರು. “ನಾನು ಬರಲಾ? ಹೊರಟೇಬಿಟ್ಟಿರ್ತಾಳೆ!”

“ಫುಳ್ಳು,” ವಕೀಲರು ಅಭ್ಯಾಸಬಲದಿಂದ ಎದುರು ಪಕ್ಷ ವಹಿಸಿದರು. “ನಾನು ಬರಲಾರೆ ಅಂತ ಬರೀತಾ ಇದ್ದಳು. ಅರ್ಧಕ್ಕೆ ಫಂಪರ್ಕ ಹೋಯ್ತು. ಫಾಕ್ಷಿ ಪರದೆ ಮೇಲೇ ಇದೆ!”

ಇನ್ನೊಂದೇ ಅಕ್ಷರ ಬಂದಿದ್ದರೆ ಸಾಕಿತ್ತು. ವಾದ ಮುಗಿಯದೆ ವಕೀಲರು ಬೋಳು ಬಾಯಲ್ಲೇ ಸನ್ಮಾನಕ್ಕೆ ಓಡಿದರು. ಓನರಮ್ಮ ಕೆಳಗಿಳಿದರು. ಸಂಜೆ ಕಪ್ಪಾಗಿ ಮೋಡ ಕವಿದು, ನಿನ್ನೆ ಬಾರದ ಮಳೆ ಇವತ್ತು ಬಡ್ಡಿ ಸಮೇತ ಬಂತು.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬಾಗಿಲ ಮಸುಕು ಗಾಜಿನಾಚೆ ಒಂದು ಕೊಡೆ ಮಡಚಿಕೊಂಡಿತು. ಹಲ್ಲಿನಣ್ಣ ಎದ್ದ. ತಲೆ ಬಾಚಿಕೊಂಡ. ಅಕ್ಕ ಅವನ ಕಾಲರು ಸರಿಮಾಡಿದಳು. ಬಾಗಿಲು ತೆರೆದ.

ವಕೀಲರು ನಿಂತಿದ್ದರು. ಮುಖ ಅರಳಿತ್ತು.

“ಭಾಷಣ ಮಾಡೋಕಾಗ್ದೆ ನಮಫ್ಕಾರ ಅಂದು ಕೂತ್ಬಿಟ್ಟೆ. ಫಭೆ ಎದ್ದು ನಿಂತು ಚಪ್ಪಾಳೆ ಹೊಡೀತಪ್ಪಾ! ಇಂಥ ಭಾಷಣ ಜನ್ಮದಲ್ಲಿ ಕೇಳಿಲ್ಲ ಅಂದ್ರು. ಫೆಟ್ಟಿಗೇನೂ ಅವಫರ ಇಲ್ಲ, ನಿಧಾನಕ್ಕೆ ಮಾಡು.”

ಅವರು ಹೋದ ಮೇಲೆ ಅಕ್ಕ ಟೀವಿಯ ಮುಂದೆ ನಿಂತಳು. ಅವಳ ಧಾರಾವಾಹಿಯ ಹೊತ್ತು.

“ಇದನ್ನ ಆರಿಸ್ಲಾ?”

“ಬೇಡಕ್ಕಾ. ಆರಿಸಿದ್ರೆ ಅದಕ್ಕೇನೂ ನೆನಪಿರಲ್ಲ.”

ಅಕ್ಕ ಅವನ ಪಕ್ಕದಲ್ಲಿ ಕೂತಳು. NANU BARALA ಎಂಬ ಸಾಲಿನ ಮುಂದೆ ಚೌಕ ಮಿನುಗುತ್ತಲೇ ಇತ್ತು. ಮೇಜಿನ ಮೇಲೆ ಮೋಡೆಮ್ಮು ಗುಲಾಬಿ ವಸಡು ಬಿಟ್ಟುಕೊಂಡು ನಗುತ್ತಿತ್ತು. ತುಸು ಹೊತ್ತಿನ ಮೇಲೆ ಹಲ್ಲಿನಣ್ಣ ಎದ್ದು, ಮನೆಯಲ್ಲಿದ್ದ ಒಂದೇ ಕೊಡೆಯನ್ನು ತೆಗೆದುಕೊಂಡು ಹೋಗಿ ಹೊರಗಿನ ಮೆಟ್ಟಿಲಿನ ಬುಡಕ್ಕೆ ಒರಗಿಸಿ ಬಂದ. ಬೀದಿಯ ಕಡೆಯಿಂದ ಬರುವವರಿಗೆ ಕಾಣುವ ಹಾಗೆ.

ಬರುವಾಗ ಪೂರ್ತಿ ನೆನೆದಿದ್ದ.